ಬಿಳಿ ದ್ರಾಕ್ಷಿಯೂ ದೋಷವಿಚಾರವೂ

ಗುಣ, ದೋಷ ಎಂಬ ಎರಡು ಶಬ್ದಗಳನ್ನು ನಾವು ದಿನವೂ ಬಳಸುತ್ತೇವೆ. ಎತ್ತನ್ನು ಕೊಳ್ಳಹೋದವನು ಸುಳಿಯನ್ನು ನೋಡಿ ಗುಣದೋಷಗಳನ್ನು ಹೇಳುತ್ತಾನೆ. ಹೆಣ್ಣು ನೋಡಹೋದವರು ಮೈಬಣ್ಣವನ್ನು ನೋಡಿ ಹೇಳುತ್ತಾರೆ. ಅಧ್ಯಾಪಕನು ಉತ್ತರಪತ್ರಿಕೆಯನ್ನು ನೋಡಿ ಹೇಳುತ್ತಾನೆ. ಇಷ್ಟು ಧೈರ್ಯದಿಂದ ಬಳಸುವ ಶಬ್ದಗಳಿಗೆ ನಿಶ್ಚಿತವಾದ ಅರ್ಥವೊಂದು ಇರಬೇಕಷ್ಟೆ. ಆದರೆ ‘ದೋಷವೆಂದರೇನು?’ ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ನಾವು ತಡವರಿಸುತ್ತೇವೆ. ಇರಬೇಕಾದುದು ಇಲ್ಲದಿರುವುದೇ ದೋಷ ಎಂಬ ಉತ್ತರವೇನೋ ಥಟ್ಟನೆ ಹೊಳೆಯುತ್ತದೆ. ಇಲ್ಲದಿರುವಿಕೆಯನ್ನೂ ನಮ್ಮ ಪೂರ್ವಿಕರು ಲಘುವಾಗಿ ಕಂಡವರಲ್ಲ. ವೈಶೇಷಿಕ ಪರಂಪರೆಯವರು ಅಭಾವವನ್ನು ಏಳನೆಯ ಪದಾರ್ಥವೆಂದೇ ಎಣಿಸಿದರು. ಆದರೆ ತೊಡಕಿರುವುದು ‘ಇರಬೇಕಾದುದು’ ಎಂಬ ಮಾತಿನಲ್ಲಿ. ಯಾರ ದೃಷ್ಟಿಯಿಂದ ಇರಬೇಕಾದುದು? ಯಾವ ಪ್ರಯೋಜನಕ್ಕಾಗಿ ಇರಬೇಕಾದುದು? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಮಾತಿನಲ್ಲಿಯೇ ಮುಗಿದೀತು. ಆದುದರಿಂದ ಒಂದು ಹಣ್ಣಿನ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರು ಕಂಡುಕೊಂಡ ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಆ ಹಣ್ಣು ದ್ರಾಕ್ಷಿ. ಸಂಗತಿಯು ಅದರ ಬಣ್ಣಕ್ಕೆ ಸಂಬಂಧಿಸಿದ್ದು.

ಕಾವ್ಯದ ಸವಿಯನ್ನು ಹೇಳಬೇಕಾದಾಗ ನಮ್ಮ ಲಾಕ್ಷಣಿಕರು ದ್ರಾಕ್ಷಾಪಾಕವೆಂದರು. ಅವರು ಲಕ್ಷಿಸಿದ್ದು ರಸವನ್ನು. ಹಣ್ಣು ಕಪ್ಪೋ ಬಿಳುಪೋ ಎಂದು ಅವರು ಕೇಳಲಿಲ್ಲ. ಆದರೆ ನಿಸರ್ಗದಲ್ಲಿ ಆ ಪ್ರಶ್ನೆಗೆ ಅರ್ಥವುಂಟು. ಕಾಡಿನಲ್ಲಿ ತಾನಾಗಿ ಬೆಳೆಯುವ ದ್ರಾಕ್ಷಿಬಳ್ಳಿಗಳ ಹಣ್ಣು ಸಾಮಾನ್ಯವಾಗಿ ಕಡುಗಪ್ಪು ಅಥವಾ ನೀಲಿಗಪ್ಪು. ಹಕ್ಕಿಗಳು ಆ ಬಣ್ಣವನ್ನು ಕಂಡು ಬಂದು ಹಣ್ಣು ತಿಂದು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಬಣ್ಣವನ್ನು ಕೊಡುವ ವಸ್ತುಗಳಿಗೆ ಆಂಥೊಸಯನಿನ್‌ಗಳೆಂದು ಹೆಸರು. ಬಹುಪಾಲು ತಳಿಗಳಲ್ಲಿ ಅವು ಇರುವುದು ಸಿಪ್ಪೆಯಲ್ಲಿ ಮಾತ್ರ. ಕಪ್ಪು ದ್ರಾಕ್ಷಿಯನ್ನು ಸುಲಿದು ನೋಡಿದರೆ ಒಳಗಿನ ತಿರುಳು ಬಿಳಿಯ ದ್ರಾಕ್ಷಿಯ ತಿರುಳಿನಂತೆಯೇ ತೋರುವುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ನಾವು ಬಿಳಿಯದೆನ್ನುವುದು ವಾಸ್ತವವಾಗಿ ಹಸುರು ಅಥವಾ ಹೊಂಬಣ್ಣದ್ದು. ಕಪ್ಪು ಇಲ್ಲವೆಂಬುದನ್ನೇ ನಾವು ಬಿಳುಪೆಂದು ಕರೆದಿದ್ದೇವೆ. ಹೆಸರಿಡುವಾಗಲೇ ಅಭಾವವು ಒಳಹೊಕ್ಕಿದೆ.

ಈ ಅಭಾವ ಎಲ್ಲಿಂದ ಬಂತು? ಆಸ್ಟ್ರೇಲಿಯದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಸಿಪ್ಪೆಯಲ್ಲಿ ಬಣ್ಣ ಸಿದ್ಧವಾಗುವುದಕ್ಕೆ ಒಂದರ ಮೇಲೊಂದು ಹಲವು ರಾಸಾಯನಿಕ ಕ್ರಿಯೆಗಳು ನಡೆಯಬೇಕು. ಒಂದೊಂದು ಕ್ರಿಯೆಗೂ ಒಂದೊಂದು ಕಿಣ್ವ ಬೇಕು. ಒಂದೊಂದು ಕಿಣ್ವಕ್ಕೂ ಒಂದೊಂದು ವಂಶವಾಹಿ ಬೇಕು. ಬಿಳಿಯ ಹಣ್ಣಿನಲ್ಲಿ ಇವುಗಳಲ್ಲಿ ಹಲವು ಕೆಲಸ ಮಾಡುತ್ತಲೇ ಇದ್ದುವು. ಕಟ್ಟಕಡೆಯ ಒಂದು ಕಿಣ್ವದ ವಂಶವಾಹಿ ಮಾತ್ರ ಸುಮ್ಮನಿತ್ತು. ಕಾರ್ಖಾನೆ ಇದೆ, ಸಾಮಗ್ರಿ ಇದೆ. ಆದರೆ ಕೊನೆಯ ಕೆಲಸಕ್ಕೆ ಅಪ್ಪಣೆ ಬಂದಿಲ್ಲ ಎನ್ನುವಂತಹ ಸ್ಥಿತಿ. ಹಾಗಾದರೆ ಅಪ್ಪಣೆ ಕೊಡಬೇಕಾದವರು ಯಾರು?

ಜಪಾನಿನ ಹಿರೋಷಿಮಾ ಪ್ರಾಂತದ ಅಕಿತ್ಸುವಿನಲ್ಲಿದ್ದ ಹಣ್ಣುಬೆಳೆಗಳ ಸಂಶೋಧನಾಲಯದ ಶೋಜೊ ಕೊಬಯಾಶಿಯವರು ಇದರ ಬೆನ್ನು ಹತ್ತಿದರು. ಬಣ್ಣದ ಕೆಲಸಕ್ಕೆ ಅಪ್ಪಣೆ ಕೊಡುವ ವಂಶವಾಹಿಯೊಂದನ್ನು ಅವರೂ ಅವರ ಸಂಗಡಿಗರೂ ಮೊದಲು ಗುರುತಿಸಿದರು. ಬಳಿಕ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಅದರ ಮೌನದ ಕಾರಣವನ್ನು ತೋರಿಸಿಕೊಟ್ಟರು. ಬಿಳಿಯ ದ್ರಾಕ್ಷಿಯಲ್ಲಿ ಆ ವಂಶವಾಹಿಯ ಮೊದಲ ಭಾಗದಲ್ಲಿ, ಅದನ್ನು ಎಚ್ಚರಿಸುವ ಸ್ಥಳದಲ್ಲಿಯೇ, ಸುಮಾರು 10,000 ಅಕ್ಷರಗಳಷ್ಟು ಉದ್ದದ ಒಂದು ಪರಕೀಯ ತುಣುಕು ಬಂದು ಕುಳಿತಿತ್ತು. ಅದಕ್ಕೆ ಗ್ರೆಟ್-1 ಎಂದು ಹೆಸರಿಟ್ಟರು. ವಂಶವಾಹಿಗಳ ಸಾಲಿನಲ್ಲಿ ಇಂತಹ ಅಲೆಮಾರಿ ತುಣುಕುಗಳು ಜಾಗ ಬದಲಿಸುತ್ತವೆಂಬುದನ್ನು ಅಮೇರಿಕೆಯ ಬಾರ್ಬರಾ ಮಕ್‌ಕ್ಲಿಂಟಾಕ್ ಅವರು 1940ರ ದಶಕದಲ್ಲಿಯೇ ಮೆಕ್ಕೆಜೋಳದ ಕಾಳಿನ ಬಣ್ಣವನ್ನು ಅಭ್ಯಸಿಸುತ್ತ ಕಂಡಿದ್ದರು. ಆ ಶೋಧಕ್ಕೆ ನೊಬೆಲ್ ಪಾರಿತೋಷಕ ದೊರೆತದ್ದು 1983ರಲ್ಲಿ. ಅದೇ ಬಗೆಯ ಅಲೆಮಾರಿಯೊಂದು ದ್ರಾಕ್ಷಿಯ ಬಣ್ಣದ ಬಾಯಿಯನ್ನು ಕಟ್ಟಿತ್ತು.

ಕೊಬಯಾಶಿಯವರ ವಾದಕ್ಕೆ ಬಲ ಕೊಟ್ಟದ್ದು ಒಂದು ಕೊಂಬೆ. ‘ಇಟಾಲಿಯಾ’ ಎಂಬ ಬಿಳಿಯ ತಳಿಯಿಂದ ಕೆಂಪು ಹಣ್ಣು ಬಿಡುವ ‘ರೂಬಿ ಒಕುಯಾಮ’ ಎಂಬ ತಳಿ ಹುಟ್ಟಿತ್ತು. ಬೀಜದಿಂದಲ್ಲ, ಬಳ್ಳಿಯ ಒಂದು ಕಣ್ಣಿನಲ್ಲಿ ತಾನಾಗಿ ಆದ ಮಾರ್ಪಾಟಿನಿಂದ. ಅದರ ವಂಶವಾಹಿಯನ್ನು ಓದಿ ನೋಡಿದಾಗ ಆ ಅಲೆಮಾರಿ ತುಣುಕಿನ ಬಹುಭಾಗವು ಬಿಟ್ಟುಹೋಗಿ ಚಿಕ್ಕದೊಂದು ಅವಶೇಷ ಮಾತ್ರ ಉಳಿದಿತ್ತು. ಅಡ್ಡಿ ತೊಲಗಿತು, ಅಪ್ಪಣೆ ಹೊರಟಿತು, ಬಣ್ಣ ಮರಳಿತು. ಮುಂದೆ 2007ರಲ್ಲಿ ಆಸ್ಟ್ರೇಲಿಯದ ಅಮಾಂಡಾ ವಾಕರ್ ಮತ್ತು ಸಂಗಡಿಗರು ಇನ್ನೊಂದು ಮಾತನ್ನು ಸೇರಿಸಿದರು. ಅಪ್ಪಣೆ ಕೊಡುವ ವಂಶವಾಹಿ ಒಂದೇ ಅಲ್ಲ, ಅಕ್ಕಪಕ್ಕದಲ್ಲಿಯೇ ಎರಡಿವೆ. ಬಿಳಿಯ ಹಣ್ಣಾಗಬೇಕಾದರೆ ಎರಡೂ ಕೆಟ್ಟಿರಬೇಕು. ಅವರು ನೋಡಿದ 50ಕ್ಕೂ ಹೆಚ್ಚು ಬಿಳಿಯ ತಳಿಗಳಲ್ಲಿ ಅದೇ ಅಲೆಮಾರಿ ತುಣುಕು ಇದ್ದಿತು. ಆದುದರಿಂದ ಈ ತಳಿಗಳೆಲ್ಲ ಬಹು ಹಿಂದೆ ಹುಟ್ಟಿದ ಒಂದೇ ಮೂಲದಿಂದ ಬಂದಿರಬೇಕೆಂದು ಅವರು ಊಹಿಸಿದರು.

ಇಲ್ಲಿಗೆ ಶಾಸ್ತ್ರದ ಮಾತು ನಿಲ್ಲುತ್ತದೆ. ನಮ್ಮ ಪ್ರಶ್ನೆ ಪ್ರಾರಂಭವಾಗುತ್ತದೆ. ಪೂರ್ವಪಕ್ಷಿಯು ಹೀಗೆ ಹೇಳಬಹುದು: ‘ನೋಡಿರಿ, ನೀವೇ ಒಪ್ಪಿದಿರಿ. ಎರಡು ವಂಶವಾಹಿಗಳು ಕೆಟ್ಟಿವೆ. ಕೆಟ್ಟದ್ದೇ ದೋಷ. ಆದುದರಿಂದ ಬಿಳಿಯ ದ್ರಾಕ್ಷಿಯು ದೋಷಯುಕ್ತವಾದ ದ್ರಾಕ್ಷಿ. ಜನರು ಅದನ್ನು ಮೆಚ್ಚಿ ತಿನ್ನುತ್ತಾರೆಂಬುದು ಬೇರೆ ಮಾತು.’

ಈ ವಾದವು ಸರಳವಾಗಿ ಕಾಣುತ್ತದೆ. ಆದರೆ ಇದರಲ್ಲಿ ನೈಯಾಯಿಕರು ಛಲವೆಂದು ಕರೆದ ತಪ್ಪು ಅಡಗಿದೆ. ಒಬ್ಬನು ಹೊಸ ಕಂಬಳಿ ಎಂಬರ್ಥದಲ್ಲಿ ‘ನವಕಂಬಲ’ವೆಂದರೆ, ಎದುರಾಳಿಯು ಅದನ್ನು ಒಂಬತ್ತು ಕಂಬಳಿಗಳೆಂದು ಹಿಡಿದು ವಾದಿಸಿದನೆಂಬ ಉದಾಹರಣೆ ಪ್ರಸಿದ್ಧವಾಗಿದೆ. ‘ಕೆಟ್ಟಿದೆ’, ‘ದೋಷ’ ಎಂಬ ಶಬ್ದಗಳಿಗೂ ಹೀಗೆಯೇ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ವಿಚಾರ ಮಾಡಿದರೆ ಕನಿಷ್ಠ ಮೂರನ್ನು ಬೇರ್ಪಡಿಸಬಹುದು.

ಮೊದಲನೆಯದು, ವಾಡಿಕೆಯ ಕ್ರಮದಿಂದ ಸರಿದಿರುವಿಕೆ. ಒಂದು ವಂಶವಾಹಿಯು ಸಾಮಾನ್ಯವಾಗಿ ಮಾಡುವ ಕೆಲಸವನ್ನು ಮಾಡದಿದ್ದರೆ ಶಾಸ್ತ್ರಜ್ಞನು ಅದು ಕೆಟ್ಟಿದೆಯೆನ್ನುತ್ತಾನೆ. ಇದರಲ್ಲಿ ನಿಂದೆಯಿಲ್ಲ, ಸ್ತುತಿಯಿಲ್ಲ, ಬರಿಯ ವರದಿಯಿದೆ. ಎರಡನೆಯದು, ಆ ಜೀವಿಯ ಸ್ವಂತ ಹಿತಕ್ಕೆ ಆಗುವ ಹಾನಿ. ಬೇರಿಗೆ ಹುಳು ಹತ್ತಿ ಬಳ್ಳಿ ಒಣಗಿದರೆ ಅದನ್ನು ಯಾರು ಮೆಚ್ಚಲಿ ಬಿಡಲಿ, ಹಾನಿ ಬಳ್ಳಿಯದೇ. ಮೂರನೆಯದು, ನೋಡುವವನ ಅಪೇಕ್ಷೆಗೆ ಹೊಂದದಿರುವಿಕೆ. ಇದು ವಸ್ತುವಿನಲ್ಲಿ ಇರುವುದಲ್ಲ. ವಸ್ತುವಿಗೂ ಬೇಡಿಕೆಗೂ ನಡುವೆ ಇರುವ ಸಂಬಂಧ. ಎಟುಕದ ದ್ರಾಕ್ಷಿ ಹುಳಿಯೆಂದ ನರಿಯು ತನ್ನ ನೆಗೆತದ ಕೊರತೆಯನ್ನು ಹಣ್ಣಿನ ಮೇಲೆ ಹೊರಿಸಿತು. ಆ ಕಥೆಯನ್ನು ನಾವು ಎಳೆಯ ಮಕ್ಕಳಿಗೆ ಹೇಳಿ ನಗುತ್ತೇವೆ. ಆದರೆ ದೊಡ್ಡವರ ಎಷ್ಟೋ ದೋಷನಿರ್ಣಯಗಳು ಅದೇ ಜಾತಿಯವು.

ಈ ಮೂರು ಅರ್ಥಗಳನ್ನು ಹಿಡಿದು ದ್ರಾಕ್ಷಿಯನ್ನು ಮತ್ತೆ ನೋಡೋಣ. ಬಿಳಿಯ ಹಣ್ಣಿನಲ್ಲಿ ಮೊದಲನೆಯ ಅರ್ಥದ ದೋಷ ನಿಶ್ಚಯವಾಗಿ ಇದೆ. ಎರಡನೆಯ ಅರ್ಥದ ದೋಷವು ಕಾಡಿನಲ್ಲಿ ಇದ್ದೀತು; ಹಕ್ಕಿಯ ಕಣ್ಣಿಗೆ ಬೀಳದ ಹಣ್ಣಿನ ಸಂತಾನ ಹಬ್ಬುವುದು ಕಷ್ಟ. ತೋಟದಲ್ಲಿ ಅದಿಲ್ಲ, ಅಲ್ಲಿ ಬೀಜವನ್ನು ಒಯ್ಯುವ ಹಕ್ಕಿಯ ಬದಲು ಕಡ್ಡಿ ನೆಡುವ ಮನುಷ್ಯನಿದ್ದಾನೆ. ಮೂರನೆಯ ಅರ್ಥದ ದೋಷವಂತೂ ಇಲ್ಲವೇ ಇಲ್ಲ. ಬೀಜವಿಲ್ಲದ ದ್ರಾಕ್ಷಿಯಲ್ಲಿ ಈ ವೈರುಧ್ಯ ಇನ್ನೂ ಸ್ಪಷ್ಟ. ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಣ್ಣುಗಳಲ್ಲಿ ಬೀಜವು ಹುಟ್ಟುತ್ತದೆ, ಆದರೆ ಬೆಳೆಯದೆ ನಿಂತುಹೋಗುತ್ತದೆ. ಅದಕ್ಕೆ ಒಂದು ವಂಶವಾಹಿಯಲ್ಲಿ ಆದ ಒಂದೇ ಅಕ್ಷರದ ವ್ಯತ್ಯಾಸ ಕಾರಣವೆಂದು ಸ್ಪೇನ್ ದೇಶದ ಸಂಶೋಧಕರು 2018ರಲ್ಲಿ ತೋರಿಸಿದರು. ಬಳ್ಳಿಯ ದೃಷ್ಟಿಯಿಂದ ಇದು ಬಂಜೆತನ. ನಮ್ಮ ದೃಷ್ಟಿಯಿಂದ ಇದೇ ಅದರ ಹಿರಿಮೆ. ನಮ್ಮ ಸೋಲಾಪುರದ ಸೀಮೆಯ ನಾನ್ನಜದಲ್ಲಿ ಬೆಳೆಗಾರರು ಆರಿಸಿ ಬೆಳೆಸಿದ ಉದ್ದಹಣ್ಣಿನ ಸೋನಾಕಾ, ಸಾಂಗಲಿ ಜಿಲ್ಲೆಯ ತಾಸಗಾಂವ ಭಾಗದ ತಾಸ್-ಎ-ಗಣೇಶ, ಇವೆರಡೂ ಆ ಬೀಜವಿಲ್ಲದ ಬಳ್ಳಿಯ ಕವಲುಗಳೇ. ಒಂದೇ ಹಣ್ಣು ಒಂದರ್ಥದಲ್ಲಿ ದೋಷಿ, ಇನ್ನೊಂದರ್ಥದಲ್ಲಿ ಗುಣಿ. ಇದರಲ್ಲಿ ವಿರೋಧವಿಲ್ಲ, ನಾವು ಒಂದೇ ಶಬ್ದಕ್ಕೆ ಮೂರು ಕೆಲಸ ಕೊಟ್ಟುದರಿಂದ ವಿರೋಧ ತೋರುತ್ತದೆ.

ಕುಲದ ಹೆಮ್ಮೆಯ ವಿಷಯದಲ್ಲಿಯೂ ಈ ಬಳ್ಳಿ ಹೇಳುವುದು ಸ್ವಲ್ಪವಲ್ಲ. ಕ್ಯಾಬರ್ನೆ ಸೊವಿನ್ಯೋ ಎಂಬುದು ಫ್ರಾನ್ಸ್ ದೇಶದ ಹೆಸರಾಂತ ಕಪ್ಪು ತಳಿ. ಕ್ಯಾಲಿಫೋರ್ನಿಯದ ಕ್ಯಾರಲ್ ಮೆರೆಡಿತ್ ಮತ್ತು ಜಾನ್ ಬಾವರ್ಸ್ ಅವರು 1997ರಲ್ಲಿ ಅದರ ತಂದೆತಾಯಿಗಳನ್ನು ಪತ್ತೆಹಚ್ಚಿದರು: ಒಂದು ಕಪ್ಪು ಕ್ಯಾಬರ್ನೆ ಫ್ರಾಂಕ್, ಮತ್ತೊಂದು ಬಿಳಿಯ ಸೊವಿನ್ಯೋ ಬ್ಲಾಂಕ್. ಕಪ್ಪಿನ ಮಾದರಿಯೆಂದು ಹೊಗಳಿಸಿಕೊಂಡ ಹಣ್ಣಿನ ಒಂದು ಪಾಲು ಬಿಳುಪಿನಿಂದ ಬಂದದ್ದು. ಎರಡು ವರ್ಷಗಳ ನಂತರ ಅವರ ಗುಂಪು ಫ್ರೆಂಚ್ ಸಂಶೋಧಕರ ಜೊತೆಗೂಡಿ ಇನ್ನೊಂದು ಗುಟ್ಟನ್ನು ಹೊರಗೆಡವಿತು. ಬಿಳಿಯ ದ್ರಾಕ್ಷಿಗಳಲ್ಲಿ ಕುಲೀನವೆಂದು ಖ್ಯಾತವಾದ ಶಾರ್ಡೊನೆಯು ಪಿನೋ ಎಂಬ ಮಾನ್ಯ ತಳಿಗೂ, ಗುಯೆ ಬ್ಲಾಂಕ್ ಎಂಬ ತಳಿಗೂ ಹುಟ್ಟಿದ್ದು. ಗುಯೆ ಎಂಬುದು ಹಳ್ಳಿಗರ ಬಳ್ಳಿ, ಸಾರವಿಲ್ಲದ್ದು ಎಂದು ಶತಮಾನಗಳ ಕಾಲ ತಿರಸ್ಕಾರಕ್ಕೆ ಗುರಿಯಾದದ್ದು. ಕೀಳೆಂದು ಕಡೆಗಣಿಸಿದ ಬಳ್ಳಿಯು ಮೇಲೆಂದು ಮೆರೆದ ಬಳ್ಳಿಗೆ ಹೆತ್ತವಳಾದಳು. ಬಣ್ಣವನ್ನೂ ಕುಲವನ್ನೂ ಹಿಡಿದು ಯೋಗ್ಯತೆಯನ್ನು ಅಳೆಯುವವರು ಇದನ್ನು ಒಂದು ಗಳಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಇನ್ನೊಬ್ಬ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ. ‘ಹಾಗಾದರೆ ದೋಷವೆಂಬುದೇ ಇಲ್ಲವೆಂದಾಯಿತು. ಎಲ್ಲವೂ ನೋಡುವವನ ಕಣ್ಣಿನಲ್ಲಿದೆ. ಕೊರತೆಯನ್ನೆಲ್ಲ ವೈಶಿಷ್ಟ್ಯವೆಂದು ಕರೆದುಬಿಟ್ಟರೆ ಸಾಕು’ ಎಂದು ಅವನ ವಾದ. ಇದು ಕೇಳಲು ಹಿತವಾದ ಮಾತು. ಆದುದರಿಂದಲೇ ಮೊದಲಿನದಕ್ಕಿಂತ ಅಪಾಯಕರವಾದುದು. ದ್ರಾಕ್ಷಿಯೇ ಇದಕ್ಕೂ ಉತ್ತರ ಹೇಳುತ್ತದೆ. 1860ರ ದಶಕದಲ್ಲಿ ಅಮೇರಿಕೆಯಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ದ್ರಾಕ್ಷಿತೋಟಗಳ ಬೇರಿಗೆ ಹತ್ತಿತು. ಅಮೇರಿಕೆಯ ಕಾಡುಬಳ್ಳಿಗಳಲ್ಲಿದ್ದ ತಡೆಯುವ ಶಕ್ತಿ ಯೂರೋಪಿನ ಬಳ್ಳಿಯಲ್ಲಿ ಇರಲಿಲ್ಲ. ಮುಂದಿನ ಕೆಲವು ದಶಕಗಳಲ್ಲಿ ತೋಟ ತೋಟಗಳೇ ಹಾಳಾದುವು. ಆ ಕೊರತೆಯನ್ನು ವೈಶಿಷ್ಟ್ಯವೆಂದು ಹೊಗಳಿದ್ದರೆ ಒಂದು ಬಳ್ಳಿಯೂ ಉಳಿಯುತ್ತಿರಲಿಲ್ಲ. ಬೆಳೆಗಾರರು ಕೊರತೆಯನ್ನು ಕೊರತೆಯೆಂದೇ ಒಪ್ಪಿಕೊಂಡು ಅಮೇರಿಕೆಯ ಬೇರಿನ ಮೇಲೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿದರು, ಬಳ್ಳಿ ಬದುಕಿತು. ಎರಡನೆಯ ಅರ್ಥದ ದೋಷವು ನಿಜವಾದದ್ದು. ಅದನ್ನು ಮೂರನೆಯ ಅರ್ಥದ ದೋಷದೊಡನೆ ಸೇರಿಸಿ ಅಲ್ಲಗಳೆಯುವುದೂ ಛಲವೇ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ತನ್ನ ಬೀಜದಿಂದ ತಾನು ಮುಂದುವರಿಯಲಾರದ ಬಳ್ಳಿಯನ್ನು ನಾವು ನಮ್ಮ ನಾಲಗೆಗಾಗಿ ಉಳಿಸಿಕೊಂಡಿದ್ದೇವೆ. ಹಾಗೆ ಉಳಿಸಿಕೊಂಡ ಮೇಲೆ ಅದನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸುವ, ನೀರು ನೆರಳು ಕೊಡುವ ಹೊಣೆಯೂ ನಮ್ಮದೇ. ಒಂದು ಜೀವದ ಕೊರತೆಯಿಂದ ಲಾಭ ಪಡೆಯುವವನು ಆ ಕೊರತೆಯ ಭಾರವನ್ನು ತಾನು ಹೊರಬೇಕು. ಲಾಭ ತನಗೆ, ಭಾರ ಅದಕ್ಕೆ ಎಂದರೆ ಅದು ಅನ್ಯಾಯ. ಬಳ್ಳಿಗೆ ನೋವಿನ ಅರಿವಿಲ್ಲದಿರುವುದರಿಂದ ಅಲ್ಲಿ ಅನ್ಯಾಯದ ಮಾತು ಮೆಲುವಾಗಿ ಕೇಳಿಸುತ್ತದೆ. ನೋವನ್ನು ಬಲ್ಲ ಪ್ರಾಣಿಯ ವಿಷಯದಲ್ಲಿ, ಮಾನವನ ವಿಷಯದಲ್ಲಿ, ಅದು ಹಾಗಿರಲಾರದು.

ಮಾನವನ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದ್ರಾಕ್ಷಿಯಿಂದ ಮನುಷ್ಯನಿಗೆ ಒಂದೇ ನೆಗೆತದಲ್ಲಿ ಹಾರಬಾರದು. ನಿಸರ್ಗದಲ್ಲಿ ಹೀಗಿದೆ, ಆದುದರಿಂದ ಸಮಾಜದಲ್ಲಿಯೂ ಹೀಗಿರಬೇಕು ಎಂದು ವಾದಿಸಿದವರು ಲೋಕದಲ್ಲಿ ಬಹಳ ಕೇಡನ್ನು ಮಾಡಿದ್ದಾರೆ. ಬಳ್ಳಿಯನ್ನು ನಾವು ನಮ್ಮ ಅಪೇಕ್ಷೆಗಾಗಿ ಬೆಳೆಸುತ್ತೇವೆ. ಆದುದರಿಂದ ನಮ್ಮ ಅಪೇಕ್ಷೆಗೆ ಹೊಂದದ ಬಳ್ಳಿಯನ್ನು ಕಿತ್ತು ಬೇರೊಂದನ್ನು ನೆಡುವುದು ಸಲ್ಲುತ್ತದೆ. ಮಗುವನ್ನು ನಾವು ಬೆಳೆಸುವುದು ನಮ್ಮ ಅಪೇಕ್ಷೆಗಾಗಿ ಅಲ್ಲ, ಅದರ ಹಿತಕ್ಕಾಗಿ. ಮಗುವಿನ ವಿಷಯದಲ್ಲಿ ಎರಡನೆಯ ಅರ್ಥದ ದೋಷಕ್ಕೆ ಮಾತ್ರ ನಮ್ಮ ಮೇಲೆ ಅಧಿಕಾರವುಂಟು. ಮೂರನೆಯದಕ್ಕೆ ತಾನಾಗಿ ಯಾವ ಅಧಿಕಾರವೂ ಇಲ್ಲ. ದ್ರಾಕ್ಷಿಯು ನಮಗೆ ಕಲಿಸುವುದು ಅರ್ಥಗಳನ್ನು ಬೇರ್ಪಡಿಸುವುದನ್ನು. ಬೇರ್ಪಡಿಸಿದ ಮೇಲೆ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಧರ್ಮಬುದ್ಧಿಯೇ ನಿರ್ಣಯಿಸಬೇಕು.

ಅಧ್ಯಾಪಕ ಬಂಧುಗಳಿಗೆ ಇದು ಬರಿಯ ತತ್ತ್ವಜಿಜ್ಞಾಸೆಯಲ್ಲ. ಎಡಗೈಯಿಂದ ಬರೆಯುವ ಬಾಲಕನನ್ನು ತೆಗೆದುಕೊಳ್ಳಿರಿ. ಅವನು ವಾಡಿಕೆಯಿಂದ ಸರಿದಿದ್ದಾನೆ, ಅವನಿಗೆ ಹಾನಿಯಾಗಿಲ್ಲ, ನಮಗೆ ಹಿಡಿಸಿಲ್ಲ. ಹಿಂದೆ ಎಷ್ಟೋ ಶಾಲೆಗಳಲ್ಲಿ ಅಂಥವರ ಬೆರಳಿನ ಮೇಲೆ ಪಟ್ಟಿಯ ಪೆಟ್ಟು ಬೀಳುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ಹಲಗೆಯ ಮೇಲಿನ ಅಕ್ಷರ ಕಾಣದೆ ತಪ್ಪು ಬರೆಯುವ ಬಾಲಕಿಯನ್ನು ತೆಗೆದುಕೊಳ್ಳಿರಿ. ಅವಳ ಹಾನಿ ನಿಜವಾದುದು. ‘ಅವಳು ಸ್ವಲ್ಪ ನಿಧಾನ’ ಎಂದು ಮುದ್ದಿನಿಂದ ಸುಮ್ಮನಿರುವುದು ದಯೆಯಲ್ಲ. ಅವಳಿಗೆ ಕನ್ನಡಕ ಬೇಕು. ಮೊದಲನೆಯವನಲ್ಲಿ ಇಲ್ಲದ ದೋಷವನ್ನು ನಾವು ಕಂಡೆವು. ಎರಡನೆಯವಳಲ್ಲಿ ಇದ್ದ ದೋಷವನ್ನು ಕಾಣಲಿಲ್ಲ. ಎರಡೂ ಒಂದೇ ಅವಿವೇಕದ ಎರಡು ಮುಖಗಳು.

ಗಡಿಯ ಈಚೆಗಿರುವ ನಮಗೆ ಇನ್ನೂ ಸೂಕ್ಷ್ಮವಾದ ಪ್ರಸಂಗವೊಂದು ಇದೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡದಲ್ಲಿ ಬೆಳೆದ ಮಗು ಕಚೇರಿಗೋ ಕಾಲೇಜಿಗೋ ಹೋದಾಗ ರಾಜ್ಯಭಾಷೆಯಲ್ಲಿ ತೊದಲುತ್ತದೆ. ನೋಡಿದವರು ‘ಕನ್ನಡ ಮಾಧ್ಯಮದ ದೋಷ’ ಎನ್ನುತ್ತಾರೆ. ಇಲ್ಲಿ ಮೂರು ಅರ್ಥಗಳೂ ಹೆಣೆದುಕೊಂಡಿವೆ. ಸುತ್ತಲಿನ ವಾಡಿಕೆಗಿಂತ ಬೇರೆಯಾಗಿರುವುದು ನಿಜ. ಎದುರಿನವರ ಅಪೇಕ್ಷೆಗೆ ಹೊಂದದಿರುವುದೂ ನಿಜ. ಹೊಟ್ಟೆಪಾಡಿಗೆ ಅಡ್ಡಿಯಾಗುವಷ್ಟರ ಮಟ್ಟಿಗೆ ಅದರ ಹಿತಕ್ಕೆ ಹಾನಿಯೂ ಉಂಟೆಂಬುದನ್ನು ಪ್ರಾಮಾಣಿಕರಾದ ನಾವು ಒಪ್ಪಬೇಕು. ಹಾಗೆ ಒಪ್ಪಿದರೆ ಕರ್ತವ್ಯವೂ ಸ್ಪಷ್ಟವಾಗುತ್ತದೆ. ಮರಾಠಿಯನ್ನೂ ಇಂಗ್ಲೀಷನ್ನೂ ಮಗುವಿಗೆ ಚೆನ್ನಾಗಿ ಕಲಿಸಬೇಕು. ಅದು ಕಸಿಯ ಕೆಲಸ. ಆದರೆ ಆ ಭಾಷೆ ಬಾರದಿರುವುದು ಕೊರತೆಯಾಗಬಹುದೇ ಹೊರತು ಕನ್ನಡ ಬರುವುದು ಕೊರತೆಯಾಗಲಾರದು. ಇರುವ ಒಂದು ಸಂಪತ್ತನ್ನು, ಇಲ್ಲದ ಇನ್ನೊಂದರ ಹೆಸರಿನಿಂದ ಕರೆಯಬಾರದು. ಕಪ್ಪು ಇಲ್ಲವೆಂದು ಬಿಳುಪೆಂದು ಕರೆಸಿಕೊಂಡ ಹಣ್ಣಿನಲ್ಲಿಯೂ ರಸಕ್ಕೆ ಕೊರತೆಯಿಲ್ಲವಷ್ಟೆ.

ಕೊನೆಯದಾಗಿ ಒಂದು ಸಂಗತಿ. ದಕ್ಷಿಣ ಆಸ್ಟ್ರೇಲಿಯದ ಲ್ಯಾಂಗ್‌ಹಾರ್ನ್ ಕ್ರೀಕ್ ಎಂಬಲ್ಲಿ ಒಂದು ಕುಟುಂಬದ ತೋಟವಿದೆ. 1977ರಲ್ಲಿ ಅಲ್ಲಿಯ ಕಪ್ಪು ಕ್ಯಾಬರ್ನೆ ಸೊವಿನ್ಯೋ ಬಳ್ಳಿಯೊಂದರ ಕೊಂಬೆಯಲ್ಲಿ ಕಂಚಿನ ಬಣ್ಣದ ಹಣ್ಣುಗಳು ಕಾಣಿಸಿಕೊಂಡುವು. ಕಪ್ಪು ಹಣ್ಣಿಗಾಗಿ ಬೆಳೆಸಿದ ತೋಟದಲ್ಲಿ ಅಂತಹ ಕೊಂಬೆಯನ್ನು ಕತ್ತರಿಸಿ ಎಸೆಯುವುದೇ ಸುಲಭವಾದ ದಾರಿ. ಅವರು ಹಾಗೆ ಮಾಡದೆ ಅದರ ಕಡ್ಡಿಯನ್ನು ಬೇರೆ ನೆಟ್ಟು ಬೆಳೆಸಿದರು. 1991ರಲ್ಲಿ ಆ ಕಂಚಿನ ಬಳ್ಳಿಯಲ್ಲಿ ಬಿಳಿಯ ಹಣ್ಣಿನ ಕೊಂಬೆಯೊಂದು ಮೂಡಿತು; ಅದನ್ನೂ ಉಳಿಸಿದರು. ಮುಂದೆ ಅಮಾಂಡಾ ವಾಕರ್ ಮತ್ತು ಸಂಗಡಿಗರು ಈ ಎರಡನ್ನೂ ಪರೀಕ್ಷಿಸಿದಾಗ, ಕಪ್ಪು ತಂದೆತಾಯಿಯಿಂದ ಬಂದ ಅಪ್ಪಣೆಯ ವಂಶವಾಹಿಗಳೆರಡೂ ಕಂಚಿನದರಲ್ಲಿ ಒಳಪದರದ ಜೀವಕೋಶಗಳಿಂದ, ಬಿಳಿಯದರಲ್ಲಿ ಹೊರಪದರದಿಂದಲೂ ಬಿಟ್ಟುಹೋಗಿದ್ದುವು. ಬಿಳಿಯ ತಂದೆತಾಯಿಯಿಂದ ಬಂದ ಮೂಕ ಪ್ರತಿ ಮಾತ್ರ ಉಳಿದಿತ್ತು. ಕ್ಯಾಬರ್ನೆಯೊಳಗೆ ಅಡಗಿದ್ದ ಬಿಳುಪು ಹೀಗೆ ಹೊರಗೆ ಬಂತು. 2006ರಲ್ಲಿ ಪ್ರಕಟವಾದ ಈ ವಿಷಯವೇ ಮರುವರ್ಷದ ದೊಡ್ಡ ನಿರ್ಣಯಕ್ಕೆ ಮೆಟ್ಟಿಲಾಯಿತು.

ಇದರ ಕೀರ್ತಿ ಯಾರಿಗೆ ಸಲ್ಲಬೇಕು? ವಂಶವಾಹಿಯನ್ನು ಓದಿದವರಿಗೆ ಸಲ್ಲುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಓದುವುದಕ್ಕೆ ಒಂದು ಕೊಂಬೆ ಉಳಿದಿರಬೇಕಾಗಿತ್ತು. ಅದನ್ನು ಉಳಿಸಿದವರು ವಂಶವಾಹಿಯ ಲಿಪಿಯನ್ನು ಬಲ್ಲವರಲ್ಲ. ಬೇರೆಯಾಗಿ ಕಂಡದ್ದನ್ನು ಕೂಡಲೇ ಕೆಟ್ಟದ್ದೆನ್ನದೆ ಎರಡು ಋತು ಕಾದು ನೋಡುವ ತಾಳ್ಮೆಯುಳ್ಳವರು. ಕತ್ತರಿಯು ಬೇಡವೆಂದು ಯಾವ ತೋಟಗಾರನೂ ಹೇಳುವುದಿಲ್ಲ, ನಾವೂ ಹೇಳಬೇಕಾಗಿಲ್ಲ. ಕತ್ತರಿಯನ್ನು ಎತ್ತುವ ಮುನ್ನ, ಇದು ವಾಡಿಕೆಯಿಂದ ಸರಿದುದೋ, ಬಳ್ಳಿಗೆ ಹಾನಿಯೋ, ನನಗೆ ಹಿಡಿಸದ್ದೋ ಎಂದು ಒಂದು ಸಲ ಕೇಳಿಕೊಳ್ಳುವುದು ಯೋಗ್ಯ. ಬರುವ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವಾಗ ಅಧ್ಯಾಪಕರೂ, ನೆರೆಯ ಸಹಪಾಠಿಯ ಮಾತಿನ ರೀತಿಯನ್ನು ಕೇಳಿ ನಗು ಬಂದಾಗ ವಿದ್ಯಾರ್ಥಿಗಳೂ ಈ ಮೂರು ಪ್ರಶ್ನೆಗಳನ್ನು ಪ್ರಯೋಗಿಸಿ ನೋಡಲೆಂದು ವಿನಂತಿ.